ಆಳಿನ ಬೆಂಚು

ಚೆಲುವರಾಜ ಮೂರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು, ಹಳೇ ಕಾಲದ ಫಸ್ಟ್ ಕ್ಲಾಸ್ ರೈಲುಬೋಗಿಯ ಮೊಳದುದ್ದದ ಮಾದರಿಯೊಂದನ್ನು ಮಾಡಿ ಮುಗಿಸಿದ್ದ. ಒಳಗೆ ಬಿಳಿ ದೊರೆಯ ಮೆತ್ತನೆಯ ಸೀಟು, ಕನ್ನಡಿ, ಚರ್ಮದ ಪೆಟ್ಟಿಗೆಗಳು, ಎಲ್ಲ ಇದ್ದವು. ಪಕ್ಕದಲ್ಲಿ ದೊರೆಯ ಆಳಿಗೆಂದು ಇರುತ್ತಿದ್ದ ಇಕ್ಕಟ್ಟು ಕೋಣೆಯನ್ನೂ ಅವನು ಬಿಟ್ಟಿರಲಿಲ್ಲ. ಅಲ್ಲಿನ ಮರದ ಬೆಂಚಿನ ಮೇಲೆ ಆಳಿನ ಗೊಂಬೆಯನ್ನು ಬೇಕೆಂದೇ ಕಾಲ ಮೇಲೆ ಕಾಲು ಹಾಕಿಸಿ ಕೂರಿಸಿದ್ದ.

ಆ ಮಾದರಿಯನ್ನು ಮಾಡಿಸಿದ ಮುದುಕರು ದೊಡ್ಡ ಕಾರಿನಿಂದ ಇಳಿದು ಬಂದು, ಭೂತಗನ್ನಡಿ ಹಿಡಿದು ನೋಡಿದರು.

“ಆ ಆಳನ್ನ ಬೆಂಚಿಂದ ಎಬ್ಬಿಸಪ್ಪ.”

“ಯಾಕೆ ಸ್ವಾಮಿ? ಆಳು ಕೂತ್ರೆ ನಿಮ್ಗೆ ಕಣ್ಣುರಿಯುತ್ತಾ?”

“ತಪ್ಪಾಗಿದೆ. ಅವನನ್ನ ನೆಲದ ಮೇಲೆ ಕೂರ್ಸು.”

“ನಾನು ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು. ಆದ್ರೂ ಬೆಂಚು ಇರೋದು ಕೂರೋಕೆ ಅಂತ ಗೊತ್ತು. ಕಾರು ಕಂಡ ತಕ್ಷಣ ಕೆಳಗಿಳಿದು ಕೂರೋ ಗೊಂಬೆ ಬೇಕಂದ್ರೆ ಬೇರೆಯವರ ಹತ್ರ ಹೋಗಿ. ಇದನ್ನ ಒಡೆದು ಒಲೆಗೆ ಹಾಕ್ತೀನಿ, ನಿಮ್ಗೆ ಮಾತ್ರ ಕೊಡಲ್ಲ!”

ಮುದುಕರು ಚಿಮಟದಿಂದ ಗೊಂಬೆಯನ್ನು ಎತ್ತಿ ಕೆಳಗೆ ನೆಲದ ಮೇಲಿಟ್ಟರು. ದೊರೆಯ ಪೆಟ್ಟಿಗೆಗಳನ್ನು ಒಂದೊಂದಾಗಿ ತಂದು ಬೆಂಚಿನ ತುಂಬ ಜೋಡಿಸಿದರು.

ಚೆಲುವರಾಜ ಸುತ್ತಿಗೆ ಎತ್ತಿಕೊಂಡ.

“ಬೆಂಚು ಇದ್ದಿದ್ದು ಪೆಟ್ಟಿಗೆಗೆ ಕಣಯ್ಯ,” ಎಂದರು ಮುದುಕರು. “ಆಳನ್ನ ಅದರ ಮೇಲೆ ಕೂರ್ಸಿ ದೊರೆಯನ್ನ ಒಳ್ಳೆಯೋನನ್ನಾಗಿ ಮಾಡ್ಬೇಡ. ಒಂಬತ್ತು ವರ್ಷ ನಾನು ನೆಲದ ಮೇಲೇ ಕೂತು ಹೋಗಿದ್ದು.”