ಗಾಡಿಯ ಮೇಲಿನ ಅಪ್ಪ

ರಾಜಕುಮಾರ ಓಡುತ್ತಿದ್ದ. ಬಿಳಿ ಕಾಲುಚೀಲ, ಕೆಂಪು ನಿಲುವಂಗಿ, ಟೋಪಿಯಲ್ಲಿ ಉದ್ದುದ್ದ ಗರಿ. ಅವನ ಹಿಂದೆ, ಕಂಕುಳಲ್ಲಿ ಫೈಲು ಅವುಚಿಕೊಂಡು, ಪುರಸಭೆಯ ಮಕ್ಕಳ ಕಚೇರಿಯ ಅಧಿಕಾರಿ ಇಮ್ಕೆ ಹಾರ್ಮ್ಸ್.

ಲಿಂಡೆನ್‌ಬಾಖ್‌ನ ಜನ ದಾರಿ ಬಿಟ್ಟು ಚಪ್ಪಾಳೆ ತಟ್ಟಿದರು. ಕಾರ್ನಿವಲ್ಲಿನ ಗುರುವಾರ, ಹೆಂಗಸರ ದಿನ. ಕತ್ತರಿ ಹಿಡಿದ ಹೆಂಗಸರು ಕಂಡಕಂಡ ಗಂಡಸರ ಟೈ ಕತ್ತರಿಸುವ ದಿನ. ಮೇಯರ್ ಸಾಹೇಬರ ಕೊರಳಲ್ಲಿ ಆಗಲೇ ಗೇಣುದ್ದದ ಚೂರು ನೇತಾಡುತ್ತಿತ್ತು. ಗಂಡಸು ಓಡುವುದು, ಹೆಂಗಸು ಅಟ್ಟುವುದು ಆವತ್ತು ಯಾರಿಗೂ ವಿಶೇಷವಲ್ಲ.

ಇಮ್ಕೆಗೆ ಮಾತ್ರ ಅನುಮಾನ ಗಟ್ಟಿಯಾಯಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡರೆ, ಇವನು ಕಾಲಿಗೇ ಬುದ್ಧಿ ಹೇಳಿದ್ದ.

ಇಮ್ಕೆ ಉತ್ತರದ ಕಡಲತೀರದವಳು. ಕಾರ್ನಿವಲ್ ಎಂದರೆ ಮೂಗು ಮುರಿಯುವ ಸೀಮೆ ಅದು. ವರ್ಗವಾಗಿ ನಮ್ಮೂರಿಗೆ ಬಂದು ಇನ್ನೂ ಚಳಿಗಾಲ ಮುಗಿದಿರಲಿಲ್ಲ. ತಂದೆಯ ಹೆಸರಿಲ್ಲದ ಮಗುವಿಗೆ ತಂದೆಯನ್ನು ಹುಡುಕುವುದು, ಒಪ್ಪಿಗೆಯ ಸಹಿ ಹಾಕಿಸುವುದು, ಜೀವನಾಂಶ ಗೊತ್ತುಮಾಡುವುದು ಅವಳ ಕೆಲಸ. ಸಹಿ ಹಾಕದವನು ಡಿಎನ್‌ಎ ಪರೀಕ್ಷೆಗೆ ಎಂಜಲು ಕೊಡಬೇಕು. ಅದಕ್ಕೂ ಜಗ್ಗದವನಿಗೆ ಕೋರ್ಟು. ಈವರೆಗೆ ಅವಳ ಕೈಯಿಂದ ಒಬ್ಬನೂ ಜಾರಿರಲಿಲ್ಲ.

ಈ ಸಲ ಬಂದವಳು ರೊನ್ಯಾ, ಸಸಿಗಳ ನರ್ಸರಿಯಲ್ಲಿ ಕೆಲಸ ಮಾಡುವವಳು. ಹೋದ ಕಾರ್ನಿವಲ್ಲಿನ ಹೊತ್ತಿಗಷ್ಟೇ ದೂರದ ಡ್ರೆಸ್ಡೆನ್‌ನಿಂದ ಬಂದಿದ್ದಳು. ಈಗ ಮಡಿಲಲ್ಲಿ ನವೆಂಬರಿನ ಕೂಸು.

"ತಂದೆ ಹೆಸರು?" ಎಂದು ಇಮ್ಕೆ ಕೇಳಿದ್ದಳು.

"ಗೊತ್ತಿಲ್ಲ ಮೇಡಂ. ಕರಡಿ ವೇಷ ಹಾಕಿದ್ರು. ಕುಣಿಯೋ ಗಲಾಟೇಲಿ ಹೆಸರು ಕೇಳೋಕೆ ಪುರುಸೊತ್ತೇ ಆಗ್ಲಿಲ್ಲ."

"ಏನಾದ್ರೂ ಗುರುತು?"

"ಪೊದೆಯಂಥ ಗಡ್ಡ. ನಿಜವಾದ್ದೇ, ಎಳೆದು ನೋಡಿದೀನಿ. ಮುಂದಿನ ವರ್ಷ ಮೆರವಣಿಗೆ ಗಾಡಿ ಮೇಲೆ ಇರ್ತೀನಿ, ತಲೆ ಮೇಲೆ ಕಿರೀಟ ಇರತ್ತೆ, ಬಂದು ನೋಡು ಅಂದಿದ್ರು. ಬೆಳಿಗ್ಗೆ ಗುಂಪಲ್ಲಿ ತಪ್ಪಿಹೋದ್ರು." ರೊನ್ಯಾ ನಕ್ಕಳು. ನಗು ಅರ್ಧಕ್ಕೇ ಅಳುವಾಯಿತು. "ಈ ಸಲಾನೂ ಸಿಗದಿದ್ರೆ ಹಬ್ಬ ಮುಗಿದ ಮೇಲೆ ಅಮ್ಮನ ಮನೆಗೇ ಹೊರಟುಹೋಗ್ತೀನಿ. ಒಬ್ಳ ಕೈಲಿ ಆಗ್ತಿಲ್ಲ. ಇವಳು ದೊಡ್ಡವಳಾಗಿ ಕೇಳಿದ್ರೆ ನಿನ್ನಪ್ಪ ಕರಡಿ ಅಂತ ಹೇಳ್ಲಾ?"

ಇಮ್ಕೆ ಕಾರ್ನಿವಲ್ಲಿನ ಭಿತ್ತಿಪತ್ರ ತರಿಸಿ ನೋಡಿದಳು. ಗಾಡಿಯ ಮೇಲೆ ನಿಲ್ಲುವವರು ಮೂವರು: ರಾಜಕುಮಾರ, ರೈತ ಮತ್ತು ಕನ್ಯೆ ಯೋಹಾನ್ನಾ.

"ಗಂಡಸರು ಇಬ್ಬರು. ಅರ್ಧ ದಿನದ ಕೆಲಸ" ಎಂದಳು.

ಪಕ್ಕದ ಮೇಜಿನ ಕ್ಯುಪರ್ಸ್ ನಮ್ಮೂರಲ್ಲೇ ಹುಟ್ಟಿ ಬೆಳೆದವರು. ಬಾಯಲ್ಲಿದ್ದ ಜಾಮ್ ಬನ್ನು ನೆತ್ತಿಗೇರಿತು. "ಇಬ್ಬರು ಸಾಕಾ ಮೇಡಂ?"

"ನಿಮಗೆಷ್ಟು ಬೇಕಿತ್ತು?"

"ನನಗ್ಯಾಕೆ ಬಿಡಿ. ಹುಡುಕೋರು ನೀವು."

ರಾಜಕುಮಾರ ಬಿಯರ್ ಅಂಗಡಿಯ ಹತ್ತಿರ ಏದುಸಿರು ಬಿಡುತ್ತ ಸಿಕ್ಕಿಬಿದ್ದ. ಬಾಕಿ ದಿನಗಳಲ್ಲಿ ಅವನು ಮಾಂಸದಂಗಡಿಯ ಎಸ್ಸರ್.

"ಕಾಲುಚೀಲ ಮಾತ್ರ ಕತ್ತರಿಸ್ಬೇಡಿ ಮೇಡಂ. ಬಾಡಿಗೇದು."

"ಕಾಲುಚೀಲ ಯಾರಿಗೆ ಬೇಕು? ಹೋದ ಕಾರ್ನಿವಲ್‌ನಲ್ಲಿ ಎಲ್ಲಿದ್ರಿ?"

"ಆಸ್ಪತ್ರೇಲಿ. ಕಾಲು ಮುರ್ಕೊಂಡು ಮಲಗಿದ್ದೆ. ಇಡೀ ಊರೇ ಬಂದು ಪ್ಲಾಸ್ಟರ್ ಮೇಲೆ ಸಹಿ ಹಾಕಿದೆ."

ಸುತ್ತಲಿದ್ದವರೆಲ್ಲ ಕೈ ಎತ್ತಿದರು. "ಹಂದಿ ಚಿತ್ರ ಬರೆದಿದ್ದು ನಾನು" ಎಂದಳು ಒಬ್ಬ ಅಜ್ಜಿ.

ಉಳಿದವನು ರೈತ. ಇಮ್ಕೆ ಗಾಡಿಯತ್ತ ಧಾವಿಸಿದಳು. ರೈತನ ಎದೆಯವರೆಗೂ ಗಡ್ಡ ಇಳಿಬಿದ್ದಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಅವಳು ಹಿಗ್ಗಿ ಫೈಲು ಬಿಚ್ಚಿದಳು. ಅಷ್ಟರಲ್ಲಿ ರೈತನ ಹೆಂಡತಿ ಗುಡ್ರುನ್ ಕತ್ತರಿ ಆಡಿಸುತ್ತ ನಡುವೆ ಬಂದಳು.

"ಈ ಗಡ್ಡನಾ? ಬೇಸಿಗೇಲಿ ಬಿಟ್ಟಿದ್ದು ಕಣ್ರೀ. ಹೋದ ವರ್ಷ ಈ ಮುಖ ಬೇಯಿಸಿದ ಮೊಟ್ಟೆ ಥರ ಇತ್ತು. ಫೋಟೋ ಇದೆ, ನೋಡ್ತೀರಾ?" ಫೋನು ಮುಂದೆ ಹಿಡಿದಳು. ಬೇಯಿಸಿದ ಮೊಟ್ಟೆಯೇ. "ಆದ್ರೂ ಇವರು ಬೇಕಾದ್ರೆ ಕರ್ಕೊಂಡು ಹೋಗಿ. ನಿಮ್ಮ ಫಾರಂ ನಾನೇ ತುಂಬ್ಕೊಡ್ತೀನಿ."

ಜನ ಬಿದ್ದು ಬಿದ್ದು ನಕ್ಕರು. ಇಮ್ಕೆ ನಗಲಿಲ್ಲ. ಗಾಡಿಯ ಚಕ್ರದ ಹತ್ತಿರ ರೊನ್ಯಾ ನಿಂತಿದ್ದಳು. ಎದೆಗವುಚಿದ ಕೂಸಿಗೆ ಜೇನುನೊಣದ ಟೋಪಿ.

"ಬಿಡಿ ಮೇಡಂ. ನಿಮ್ಮ ಕೈಲಾದಷ್ಟು ಮಾಡಿದ್ರಿ. ನಾನು ರೈಲಿಗೆ ಟಿಕೆಟ್ ತಗೋತೀನಿ."

ಮೊದಲ ಸಲ ಸೋತೆ ಎಂದು ಇಮ್ಕೆಗೆ ಅನ್ನಿಸಿತು. ಸೋಲಿಗಿಂತ ಆ ಜೇನುನೊಣದ ಟೋಪಿಯೇ ಅವಳನ್ನು ಹೆಚ್ಚು ಹಿಂಡಿತು.

ಗಾಡಿಯ ಮೇಲೆ ಕನ್ಯೆ ಯೋಹಾನ್ನಾ ಬೆಳಗಿನಿಂದ ಜನರತ್ತ ಹೂಗುಚ್ಛ ಎಸೆಯುತ್ತಿದ್ದರು. ಕೋಟೆಗೋಡೆಯಂಥ ಕಿರೀಟ, ಹೊಂಬಣ್ಣದ ಎರಡು ಜಡೆ, ಕೆನ್ನೆಗೆ ಢಾಳಾದ ಕೆಂಪು. ಈಗ ಎಸೆಯುವ ಕೈ ಗಾಳಿಯಲ್ಲೇ ನಿಂತುಬಿಟ್ಟಿತು. ಆಮೇಲೆ ಲಂಗ ಎತ್ತಿ ಕಟ್ಟಿ ಅವರು ದಡದಡ ಕೆಳಗಿಳಿದರು, ಜನರನ್ನು ಸರಿಸುತ್ತ ನೇರ ರೊನ್ಯಾಳತ್ತ ನಡೆದರು.

ಇಮ್ಕೆ ಅಡ್ಡ ನಿಂತಳು. "ನೀವು ಸ್ವಲ್ಪ ದೂರ ಇರೀಮ್ಮ. ನಾವು ಹುಡುಕ್ತಿರೋದು ಗಂಡಸನ್ನ."

ಕ್ಯುಪರ್ಸ್ ಹೊಟ್ಟೆ ಹಿಡಿದುಕೊಂಡು ನಗುತ್ತ ಪುರಸಭೆಯ ಮೆಟ್ಟಿಲ ಮೇಲೆ ಕುಸಿದರು.

ಕನ್ಯೆ ಕಿರೀಟ ತೆಗೆದರು, ಜಡೆಗಳೂ ಅದರ ಜೊತೆಗೇ ಬಂದವು, ರೊನ್ಯಾಳ ಮೇಲಿಂದ ಕಣ್ಣು ಕೀಳದೆ, ನಗಾರಿಯಂಥ ದನಿಯಲ್ಲಿ ಹೇಳಿದರು: "ನಮ್ಮೂರಲ್ಲಿ ಕನ್ಯೆ ಆಗೋದು ಯಾವಾಗ್ಲೂ ಗಂಡಸೇ ಮೇಡಂ, ಅದಕ್ಕೇ ಗಡ್ಡ ಬೋಳಿಸ್ಬೇಕಾಯ್ತು. ಒಂದು ವರ್ಷದಿಂದ ಇವಳನ್ನೇ ಹುಡುಕ್ತಿದೀನಿ, ಸಹಿ ಎಲ್ಲಿ ಹಾಕ್ಲಿ?"