ಕಂಬದ ದೂರು

ರಾಜೀವಿ ಮತ್ತೊಮ್ಮೆ ಗುಂಡಿ ಒತ್ತಿದಳು. ಫೋನಿನ ಪರದೆಯ ಮೇಲೆ ಅದೇ ಉತ್ತರ ಬಂತು: ‘ದೂರು ಇತ್ಯರ್ಥವಾಗಿದೆ.’

“ಯಾರೂ ಬಂದು ನೋಡಲೇ ಇಲ್ಲ. ಇತ್ಯರ್ಥ ಹೇಗಾಯಿತು?”

ಅವಳ ಕೂಗಿಗೆ ಬೆಹಾಲಾದ ಆ ಬಂಗಾಳಿ ಕೇರಿಯ ಪಾಡಾ ಕ್ಲಬ್ಬಿನ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ವಾರ್ಡಿನವರು ದೂರು ಕೊಡಲು ಹೊಸ ಆಪ್ ಮಾಡಿದ್ದರು. ಊರಿಗೆಲ್ಲ ಬಿಡುವ ಮೊದಲು ನಿವಾಸಿಗಳೇ ಅದನ್ನು ಬಳಸಿ ನೋಡಿ, ತಪ್ಪು ಹುಡುಕಿಕೊಡಬೇಕಿತ್ತು. ಬಂದವರು ಕಸ, ಸೊಳ್ಳೆ, ಬೀದಿನಾಯಿ ಎಂದು ಬರೆದು, ಚಹಾ ಕುಡಿಯುತ್ತ ಹರಟುತ್ತಿದ್ದರು. ರಾಜೀವಿ ಮಾತ್ರ ಬೆಳಗಿನಿಂದ ಒಂದೇ ದೂರು ಕಳಿಸುತ್ತಿದ್ದಳು: ‘ನಮ್ಮ ಓಣಿಯಲ್ಲಿ ಮೊಣಕಾಲುದ್ದ ನೀರು. ದೀಪದ ಕಂಬದಿಂದ ವಯರು ಜೋತುಬಿದ್ದಿದೆ. ನನ್ನ ಮಗ ಟ್ಯೂಷನ್ ಮುಗಿಸಿ ಇದೇ ದಾರಿಯಲ್ಲಿ ಬರುತ್ತಾನೆ. ಬೇಗ ಬನ್ನಿ.’

ಯಾರೋ ಹೇಳಿಕಳಿಸಿದರೆಂದು ಗಂಡ ನಿತ್ಯಾನಂದ ಹೋಟೆಲು ಬಿಟ್ಟು ಓಡಿಬಂದ. ಕೈಗೆ ಇಡ್ಲಿ ಹಿಟ್ಟು ಹಾಗೆಯೇ ಅಂಟಿತ್ತು. “ಸಾಕು ಮಾರಾಯ್ತಿ. ಮನೆಗೆ ಹೋಗುವ.”

“ಒಬ್ಬರಾದರೂ ಬಂದು ನೋಡಲಿ. ಅಲ್ಲಿವರೆಗೆ ನಾನು ಏಳುವುದಿಲ್ಲ.”

ನಿತ್ಯಾನಂದ ಸುತ್ತಲಿದ್ದವರ ಮುಖ ನೋಡಲಾರದೆ ತಲೆ ತಗ್ಗಿಸಿದ.

ಆಪ್ ತಂಡದ ಹುಡುಗಿ ಜ್ಯೋತ್ಸ್ನಾ ಹತ್ತಿರ ಬಂದಳು. “ಕಾಕಿಮಾ, ಆ ಜಾಗದ ಹಳೆಯ ದೂರೊಂದು ಇತ್ಯರ್ಥವಾಗಿದ್ದರೆ ಹೊಸದನ್ನೂ ಆಪ್ ತಾನಾಗಿಯೇ ಮುಚ್ಚಿಬಿಡುತ್ತದೆ. ಅದನ್ನು ತಿದ್ದುತ್ತೇವೆ. ಇದು ಬರೀ ಪರೀಕ್ಷೆ ತಾನೇ?”

“ಮುಚ್ಚುವ ಮೊದಲು ದೂರು ಕೊಟ್ಟವಳನ್ನು ಒಂದು ಮಾತು ಕೇಳಬಾರದೇ? ಮಗು ಮನೆ ಸೇರಿತೇ ಅಂತ?” ರಾಜೀವಿ ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. “ನೀನಾದರೂ ಬಾ ಮಗಳೇ. ಟ್ಯೂಷನ್ ಬಿಡುವ ಹೊತ್ತಾಯಿತು.”

ಆ ಮಾತಿಗೆ ಜ್ಯೋತ್ಸ್ನಾ ಗಾಬರಿಯಾದಳು. ಲ್ಯಾಪ್‌ಟಾಪನ್ನು ತೆರೆದೇ ಬಿಟ್ಟು ಹೊರಗೋಡಿದಳು. ರಾಜೀವಿ ಅವಳಿಗಿಂತ ಮುಂದೆ ಓಡುತ್ತಿದ್ದಳು. ನಿತ್ಯಾನಂದ ಮಾತ್ರ ಓಡಲಿಲ್ಲ. ಕಾಲೆಳೆಯುತ್ತ ಹಿಂದೆ ಬಂದ.

ಓಣಿಯಲ್ಲಿ ಹನಿ ನೀರಿರಲಿಲ್ಲ. ಕಂಬ ಹೊಸದು. ಬುಡಕ್ಕೆ ಕಾಂಕ್ರೀಟು ಹಾಕಿ, ವಯರನ್ನೆಲ್ಲ ಪೈಪಿನೊಳಗೆ ಸೇರಿಸಿದ್ದರು. ಟ್ಯೂಷನ್ ಬಿಟ್ಟ ಮಕ್ಕಳು ಕಂಬಕ್ಕೆ ಒರಗಿ ಝಾಲ್‌ಮುರಿ ಮಂಡಕ್ಕಿ ತಿನ್ನುತ್ತಿದ್ದರು. ರಾಜೀವಿ ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಜ್ಯೋತ್ಸ್ನಾ ಏದುಸಿರು ಬಿಡುತ್ತ ನಕ್ಕಳು. “ಎಲ್ಲ ಸರಿಮಾಡಿದ್ದಾರಲ್ಲ ಕಾಕಿಮಾ! ಸುಮ್ಮನೆ ಹೆದರಿಸಿಬಿಟ್ಟಿರಿ.”

“ಹೋದ ಮಳೆಗಾಲದಲ್ಲಿ ವಾರ್ಡಿನವರಿಗೆ ಫೋನು ಮಾಡಿ ಇದೇ ದೂರು ಕೊಟ್ಟಿದ್ದೆ,” ಎಂದಳು ರಾಜೀವಿ. “ನನ್ನ ಶ್ರೀಶ ಹಳೆಯ ಕಂಬ ಮುಟ್ಟಿ ಸತ್ತ ಮಾರನೆಯ ದಿನ ಬಂದು ಸರಿಮಾಡಿದರು.”