ಅರ್ಧಕ್ಕೆ ನಿಂತ ಕೈ

"ಫೋನಲ್ಲಿ ಮಾತು ಗಂಟೆ ಹೊಡೆದ ಹಾಗೆ ಕೇಳ್ತಿದೆಯಲ್ಲ, ಇನ್ನೇನು ಬೇಕು ನಿಂಗೆ?" ಎಂದು ಅಕ್ಕನನ್ನು ಕೈಸನ್ನೆಯಲ್ಲಿ ಕೇಳಿದ ತಮ್ಮ. ಕೇಳಿದ ಮೇಲೆ, ಯಾರನ್ನು ಏನು ಕೇಳಿದೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡ. ಹುಟ್ಟಿದಾಗಿನಿಂದ ಅಕ್ಕನಿಗೆ ಕಿವಿ ಕೇಳಿಸದು. ಅವಳು ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಹೊಲಿಗೆ ಮಿಷಿನ್ ಬಿಟ್ಟೆದ್ದು ಅಂಗಳಕ್ಕೆ ನಡೆದಳು.

ಅಂಗಳದಲ್ಲಿ ಡಿಶ್ ಕಂಪನಿಯವನು ಅವಳ ಇಸ್ತ್ರಿ ಮೇಜಿನ ಮೇಲೆ ಬಿಳಿ ತಟ್ಟೆಯಂಥದೊಂದನ್ನು ಆಕಾಶಕ್ಕೆ ಮುಖ ಮಾಡಿ ಇಟ್ಟಿದ್ದ. ಟವರು ಬೇಡ, ನೇರ ಉಪಗ್ರಹದಿಂದಲೇ ಇಂಟರ್ನೆಟ್. ಒಂದು ಗಂಟೆ ಪರೀಕ್ಷೆ ಮಾಡಿ, ಹಿಡಿಸಿದರೆ ಮಾತ್ರ ತಗೊಳ್ಳಿ ಎಂಬುದು ಅವನ ಮಾತು. ತಮ್ಮನಿಗೆ ಅದನ್ನು ನೋಡಿದರೇ ಉರಿ. ಹಳ್ಳಿ ಹಳ್ಳಿ ಸುತ್ತಿ ವೈರಿಂಗ್ ಮಾಡುವವನು ಅವನು. ಗುಡ್ಡದಾಚೆಯ ಟವರಿನಿಂದ ಸಿಗ್ನಲ್ ಎಳೆಯಲು ಮಾಳಿಗೆಯ ಮೇಲೆ ತಾನೇ ಒಂದು ಕಂಬ ನಿಲ್ಲಿಸಿದ್ದ. ಆ ಕಂಬವನ್ನು ಯಾರಾದರೂ ಒಂದು ಮಾತು ಅಂದರೆ ಹೆತ್ತ ಮಗುವನ್ನೇ ಅಂದ ಹಾಗೆ ಮುಖ ಊದಿಸುತ್ತಿದ್ದ.

"ಸಿನಿಮಾ, ಮ್ಯಾಚು, ಒಂದು ಕ್ಷಣ ನಿಲ್ಲಲ್ಲ ಸರ್," ಎಂದ ಕಂಪನಿಯವನು.

ಅಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಬಟ್ಟೆ ತುಂಡಿನ ಮೇಲೆ 'ಬೆರಳು ಆಡಿಸಿದರೆ ಕಾಣುತ್ತಾ?' ಎಂದು ಬರೆದು ಅವನ ಮುಖದ ಮುಂದೆ ಹಿಡಿದಳು. ಅವನು ಓದಿದ. ಓದಿ, "ಕಾಣತ್ತೆ ಅಂತ ಹೇಳಿ ಸರ್," ಎಂದು ತಮ್ಮನ ಕಡೆಗೇ ತಿರುಗಿದ.

"ಇವಳದ್ದೊಂದು ಹಟ. ನಿನ್ನೆಯಿಂದ ಒಂದು ಬಟ್ಟೆ ನೆಟ್ಟಗೆ ಹೊಲಿದಿಲ್ಲ. ಹೊಲೀತಾಳೆ, ಬಿಚ್ತಾಳೆ," ಎಂದ ತಮ್ಮ.

ನಿನ್ನೆ ಸಂಜೆ ಆದದ್ದಿಷ್ಟು. ಮದುವೆಯಾಗಿ ಪಟ್ಟಣ ಸೇರಿದ ತಂಗಿ ವಿಡಿಯೊದಲ್ಲಿ ಬಂದಿದ್ದಳು. ಅವಳಿಗೂ ಕಿವಿ ಕೇಳಿಸದು. ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಸನ್ನೆಗಳಲ್ಲೇ ಅಕ್ಕತಂಗಿಯರಿಗೆ ಇವತ್ತಿಗೂ ಮಾತು. ಆ ಮಾತಿನಲ್ಲಿ ಅಂಗೈಯನ್ನು ಎದೆಗಿಟ್ಟು ಮುಂದಕ್ಕೆ ಬಿಚ್ಚಿದರೆ 'ಚೆನ್ನಾಗಿದ್ದೀನಿ'; ಎದೆಗಿಟ್ಟ ಅಂಗೈಯನ್ನು ಅಲ್ಲೇ ಮುಷ್ಟಿ ಮಾಡಿದರೆ 'ಹೆದರಿಕೆ ಆಗ್ತಿದೆ'. ಹೇಗಿದ್ದೀಯೆ ಎಂದು ಅಕ್ಕ ಕೇಳಿದಳು. ತಂಗಿ ಅಂಗೈಯನ್ನು ಎದೆಗಿಟ್ಟಳು. ಚಿತ್ರ ಅಲ್ಲಿಗೇ ನಿಂತಿತು. ಕಂಬ ಕೈಕೊಟ್ಟಿತ್ತು.

ಆಮೇಲೆ ಎಷ್ಟು ಸಲ ಕರೆದರೂ ತಂಗಿ ಸಿಗಲಿಲ್ಲ. ಬರೆದು ಕೇಳಿದ್ದಕ್ಕೆ 'ಚೆನ್ನಾಗಿದ್ದೀನಿ' ಎಂದು ಉತ್ತರ ಬಂತು. ಬರೆದು ಕೇಳಿದರೆ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಆ ಅಕ್ಷರಗಳನ್ನು ಒತ್ತಿದ ಬೆರಳು ಯಾರದೋ ಯಾರು ಕಂಡರು? ಅಕ್ಕನಿಗೆ ಆ ಕೈ ಬಿಚ್ಚಿತೋ ಮುಷ್ಟಿಯಾಯಿತೋ ಗೊತ್ತಾಗಬೇಕಿತ್ತು. ಅದು ಗೊತ್ತಾಗದೆ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ, ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಬೆಳಗಾಗುತ್ತಲೇ ಡಿಶ್ ಕಂಪನಿಗೆ ಅವಳೇ ಮೆಸೇಜ್ ಕಳಿಸಿ ಇವನನ್ನು ಕರೆಸಿದ್ದಳು.

ಫೋನಿಗೆ ಹೊಸ ಇಂಟರ್ನೆಟ್ ಹಾಕಿಸಿಕೊಂಡು, ಮೇಜಿಗೆ ಆನಿಸಿಟ್ಟು, ತಂಗಿಗೆ ಕರೆ ಮಾಡಿದಳು. ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಅಂಗಳದ ಈ ತುದಿಯಿಂದ ಆ ತುದಿಗೆ ಹೋದಳು, ಬಂದಳು, ಬಟ್ಟೆಯ ತುಂಡನ್ನು ಮಡಿಸಿದಳು, ಬಿಚ್ಚಿದಳು. ಮೂರನೇ ಸಲಕ್ಕೆ ತಂಗಿ ಬಂದಳು.

ಎಂಥ ಚಿತ್ರ! ಹಿಂದಿನ ಗೋಡೆಯ ಮೊಳೆ ಕೂಡ ಎಣಿಸಬಹುದಿತ್ತು. ತಮ್ಮ ತನ್ನ ಕಂಬ ಮರೆತು ಬಗ್ಗಿ ನೋಡಿದ. ಹೇಗಿದ್ದೀಯೆ ಎಂದಳು ಅಕ್ಕ. ತಂಗಿ ಎಡಗೈಯನ್ನು ಎದೆಗಿಟ್ಟು, ಮುಂದಕ್ಕೆ ಬಿಚ್ಚಿ, ನಕ್ಕಳು.

"ಸಮಾಧಾನ ಆಯ್ತಾ?" ಎಂದು ತಮ್ಮ ಸನ್ನೆ ಮಾಡಿದ.

ಅಕ್ಕ ಅವನ ಕಡೆ ನೋಡಲಿಲ್ಲ. ಅವಳ ಕಣ್ಣು ತಂಗಿಯ ಬಲಭುಜದ ಮೇಲಿತ್ತು. ಅಂಗಿಯ ತೋಳು ಅಲ್ಲಿ ಬಿಚ್ಚಿಹೋಗಿ, ಬೇರೆ ಬಣ್ಣದ ದಾರದಲ್ಲಿ ಹೇಗೋ ಕೂಡಿಸಿದ್ದಿತ್ತು. ಆ ಅಂಗಿ ಅಕ್ಕನೇ ಎರಡೆರಡು ಸಲ ಮಿಷಿನ್ ಓಡಿಸಿ ಹೊಲಿದು ಕಳಿಸಿದ್ದು. ಯಾರಾದರೂ ಹಿಡಿದು ಜಗ್ಗದೆ ಆ ಹೊಲಿಗೆ ಬಿಡುವಂಥದ್ದಲ್ಲ. ಆ ಬೇರೆ ಬಣ್ಣದ ದಾರ ಯಾಕೆ, ಬಲಗೈ ಎಲ್ಲಿ ಎಂದು ಕೇಳಿದಳು. ತಂಗಿ ಮಾತು ತೇಲಿಸಿದಳು. ತೋರಿಸು ಎಂದಳು ಅಕ್ಕ. ತಂಗಿ ಮೆಲ್ಲಗೆ ಬಲಗೈ ಎತ್ತಿದಾಗ ಅಂಗಿಯ ತೋಳು ಹಿಂದಕ್ಕೆ ಜಾರಿತು. ಮಣಿಕಟ್ಟಿನ ಸುತ್ತ ಕೈಹಿಡಿದವನ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿತ್ತು. ಕೈಯಲ್ಲೇ ಮಾತಾಡುವವಳ ಕೈಯನ್ನು ಅದುಮಿ ಹಿಡಿಯುವುದೆಂದರೆ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಆಚೆ ಕಡೆ ತಂಗಿ ಕಂಗಾಲಾಗಿದ್ದಳು. ಇಷ್ಟು ದಿನ ಅಕ್ಕನಿಗೆ ತನ್ನ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ. ಇವತ್ತು ದಾರದ ಬಣ್ಣವೂ ಹೇಗೆ ಕಂಡಿತು? ಅಕ್ಕ ಫೋನು ತಿರುಗಿಸಿ ಮೇಜಿನ ಮೇಲಿನ ಡಿಶ್ ತೋರಿಸಿದಳು. ತಂಗಿಯ ಎರಡೂ ಕೈ ಒಮ್ಮೆಲೇ ಮೇಲೆದ್ದವು. ನೋವನ್ನೂ ಮರೆತು ಅವು ಗಡಿಬಿಡಿಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದವು. ನೋಡುತ್ತಿದ್ದ ತಮ್ಮನ ಮುಖ ಬಿಳಿಚಿಕೊಂಡಿತು.

"ಏನಂತಾರೆ ಸರ್?" ಕಂಪನಿಯವನು ಕೇಳಿದ. "ಹಾಕೋಣ್ವಾ?"

ತಮ್ಮ ಫೋನಿನಿಂದ ಕಣ್ಣು ಕೀಳಲಿಲ್ಲ. "ಬೇಡ ಅಂತಿದಾಳೆ. ಹಳೇದೇ ಇರಲಿ ಅಂತ ಕೈ ಮುಗೀತಿದಾಳೆ."

"ಯಾಕೆ ಸರ್, ಮೇಡಂಗೆ ಇಷ್ಟು ಚೆನ್ನಾಗಿ ಕಾಣ್ತಿದೆಯಲ್ಲ?"

"ಇವಳಲ್ಲಪ್ಪ," ಎಂದು ತಮ್ಮ ಫೋನಿನತ್ತ ಕೈ ತೋರಿಸಿದ. "ಅವಳು."